ನೀರಿಗಿಂತ ತೆಳ್ಳಗಿನ ಎಣ್ಣೆ

ಬೆಳ್ಳಿಯ ಲೇಪವಿದ್ದ ಒಂದು ಹಿತ್ತಾಳೆ ಬಟ್ಟಲು. ಅದರ ತಳದಲ್ಲಿ ಸಾಸಿವೆ ಕಾಳು ತೂರುವಷ್ಟು ತೂತು. ತೂತನ್ನು ಮುಚ್ಚಲು ತಂತಿಗೆ ಕಟ್ಟಿದ ಒಂದು ಗೋಲಿ. ಬಟ್ಟಲಿನ ಸುತ್ತ ಬಿಸಿನೀರಿನ ತೊಟ್ಟಿ. ಬಟ್ಟಲಿಗೆ ಎಣ್ಣೆ ಹೊಯ್ದು, ಅದು ನೂರು ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದು ನಿಲ್ಲುವವರೆಗೆ ಕಾಯಬೇಕು. ಆಮೇಲೆ ಎಡಗೈಯಲ್ಲಿ ಗೋಲಿ ಎತ್ತಬೇಕು, ಅದೇ ಕ್ಷಣಕ್ಕೆ ಬಲಗೈಯ ಸ್ಟಾಪ್‌ವಾಚ್ ಒತ್ತಬೇಕು. ಕೆಳಗಿಟ್ಟ ಗಾಜಿನ ಕುಪ್ಪಿಯ ಕತ್ತಿನ ಗೆರೆಗೆ ಎಣ್ಣೆ ಮುಟ್ಟಿದೊಡನೆ ಮತ್ತೆ ಒತ್ತಬೇಕು. ಎಷ್ಟು ಸೆಕೆಂಡ್ ಹಿಡಿಯಿತೋ ಅದೇ ಆ ಎಣ್ಣೆಯ ಗಟ್ಟಿತನ. ಬ್ರಿಟಿಷರ ಕಾಲದ ಅಳತೆ. ರೆಡ್‌ವುಡ್ ಸೆಕೆಂಡ್ ಎಂದು ಹೆಸರು. ಸ್ನಿಗ್ಧತೆ ಎಂಬ ಮಾತನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದೆ ಯಂತ್ರದ ಎಣ್ಣೆ ತಯಾರಿಸುವ ಒಂದು ಕಾರ್ಖಾನೆ ಇತ್ತು. ವ್ಯಾಗನ್ನಿನಲ್ಲಿ ಬರುತ್ತಿದ್ದ ಗಟ್ಟಿ ಎಣ್ಣೆಯನ್ನೂ ತೆಳು ಎಣ್ಣೆಯನ್ನೂ ಬೇಕಾದ ಹದಕ್ಕೆ ಬೆರೆಸಿ, ಡ್ರಮ್ಮಿಗೆ ತುಂಬಿ, ಲಾರಿ ಕಂಪನಿಗಳಿಗೆ, ಅಕ್ಕಿ ಗಿರಣಿಗಳಿಗೆ, ವರ್ಕ್‌ಶಾಪುಗಳಿಗೆ ಕಳಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನು ಅಲ್ಲಿಯ ಪರೀಕ್ಷಾ ಕೋಣೆಯಲ್ಲಿ ಸಹಾಯಕ. ಇನ್ನೂ ಕಾಯಂ ಆಗಿರಲಿಲ್ಲ. ನನ್ನ ಮೇಲೆ ಒಬ್ಬ ಕೆಮಿಸ್ಟ್ ಇದ್ದರು, ಬಿ.ಎಸ್ಸಿ. ಓದಿದವರು. ಕೆಲಸ ಕಲಿಸಿದವರು ಅವರೇ. ಅವರ ಮೇಲೆ ಇಲ್ಲಿ ಏನನ್ನೂ ಹೊರಿಸಲು ನಾನು ಬರೆಯುತ್ತಿಲ್ಲ.

ಸೇರು ಹೋಗಿ ಕಿಲೋ, ಗಜ ಹೋಗಿ ಮೀಟರು ಬಂದ ಕಾಲ ಅದು. ನಮ್ಮ ಕೋಣೆಗೂ ಆ ಬದಲಾವಣೆ ಬಂತು.

"ಇನ್ಮೇಲೆ ಸೆಕೆಂಡ್ ಲೆಕ್ಕ ಬೇಡ್ವಂತೆ ಕಣೋ" ಎಂದರು ಕೆಮಿಸ್ಟ್ ಒಂದು ಬೆಳಿಗ್ಗೆ. "ಡ್ರಮ್ಮಿನ ಜೊತೆ ಕಳಿಸೋ ಸರ್ಟಿಫಿಕೇಟ್‌ನಲ್ಲಿ ಸೆಂಟಿಸ್ಟೋಕ್ಸ್ ಅಂತ ಹಾಕ್ಬೇಕಂತೆ."

"ಅದನ್ನ ಹೇಗೆ ಅಳೆಯೋದು ಸಾರ್?"

"ಅದಕ್ಕೆ ಗಾಜಿನ ಕೊಳವೆ ಬೇಕು. ಬೊಂಬಾಯಿಂದ ಬಂದದ್ದನ್ನ ನೀನೇ ಬಿಚ್ಚಿದ್ಯಲ್ಲ, ಹುಲ್ಲು ಎಷ್ಟಿತ್ತೋ ಗಾಜಿನ ಪುಡೀನೂ ಅಷ್ಟೇ ಇತ್ತು. ಇನ್ನೊಂದು ಬರೋವರೆಗೆ ಸೆಕೆಂಡನ್ನೇ ಸೆಂಟಿಸ್ಟೋಕ್ಸ್‌ಗೆ ತಿರುಗಿಸ್ಬೇಕು. ಒಂದು ಚಾರ್ಟ್ ಬರಿ, ಗೋಡೆಗೆ ಹಾಕೋಣ."

ಕೆಮಿಸ್ಟರ ಕಪಾಟಿನಲ್ಲಿದ್ದ ಹಳೆಯ ಪುಸ್ತಕವೊಂದರಲ್ಲಿ ಒಂದು ಕೋಷ್ಟಕ ಇತ್ತು. ಇನ್ನೂರು ಸೆಕೆಂಡಿಗೆ ನಲವತ್ತೊಂಬತ್ತು ಚಿಲ್ಲರೆ ಸೆಂಟಿಸ್ಟೋಕ್ಸ್, ನಾಲ್ಕು ನೂರಕ್ಕೆ ತೊಂಬತ್ತೆಂಟೂ ಮುಕ್ಕಾಲು, ಎಂಟು ನೂರಕ್ಕೆ ನೂರ ತೊಂಬತ್ತೇಳೂವರೆ. ದೊಡ್ಡ ಗ್ರಾಫ್ ಹಾಳೆಯ ಮೇಲೆ ಈ ಚುಕ್ಕೆಗಳನ್ನು ಇಟ್ಟೆ. ಸಾಲಾಗಿ ನಿಂತವು. ಮರದ ಸ್ಕೇಲು ಇಟ್ಟು ಕೆಳಕ್ಕೆ ಎಳೆದರೆ ಗೆರೆ ಎಲ್ಲಿಯೂ ಜರುಗದೆ ಸೊನ್ನೆಗೇ ಹೋಗಿ ಸೇರಿತು. ನನಗೆ ಆದ ಸಂತೋಷ ಹೇಳತೀರದು. ಸೆಕೆಂಡನ್ನು ಒಂದು ಸಂಖ್ಯೆಯಿಂದ ಗುಣಿಸಿದರೆ ಆಯಿತು. ಬಾಯಿಲೆಕ್ಕಕ್ಕೆ ನಾಲ್ಕರಿಂದ ಭಾಗಿಸಿದರೂ ನಡೆಯುತ್ತದೆ. ಅಡಿಯಿಂದ ಮೀಟರಿಗೆ, ಪೌಂಡಿನಿಂದ ಕಿಲೋಗೆ ಎಲ್ಲವೂ ಹೀಗೆ ಒಂದು ಗುಣಾಕಾರ ಎಂದು ಆಗ ಅಂಗಡಿಯವರಿಂದ ಹಿಡಿದು ಮೇಷ್ಟರವರೆಗೆ ಎಲ್ಲರೂ ಕಲಿಯುತ್ತಿದ್ದರು. ಇದೂ ಅಂಥದ್ದೇ ಎಂದುಕೊಂಡೆ.

ಆ ಕೋಷ್ಟಕ ನೂರು ಸೆಕೆಂಡಿನಿಂದ ಶುರುವಾಗುತ್ತಿತ್ತು. ನೂರಕ್ಕಿಂತ ಕೆಳಗೆ ಯಾಕಿಲ್ಲ ಎಂದು ನಾನು ಕೇಳಲಿಲ್ಲ. ನಮ್ಮ ಎಣ್ಣೆಗಳೆಲ್ಲ ನೂರರ ಮೇಲಿನವೇ. ಸ್ಕೇಲು ತೋರಿಸಿದ ದಾರಿಯನ್ನು ನಂಬಿದೆ.

"ಭೇಷ್" ಎಂದರು ಕೆಮಿಸ್ಟ್. "ಮುತ್ತು ಪೋಣಿಸಿದ ಹಾಗಿದೆ." ಗೋಡೆಗೆ ಅವರೇ ಮೊಳೆ ಹೊಡೆದರು.

ಕೆಲವು ತಿಂಗಳು ಯಾವ ತೊಂದರೆಯೂ ಬರಲಿಲ್ಲ. ಗಟ್ಟಿ ಎಣ್ಣೆಗಳಿಗೆ ಆ ಗೆರೆ ನಿಜವಾಗಿಯೂ ಸರಿಯಾಗಿಯೇ ಇತ್ತು.

ಆಮೇಲೆ ಯಲಹಂಕದ ಕಡೆಯಿಂದ ಒಂದು ಹೊಸ ಗಿರಾಕಿ ಬಂತು. ಯಲಹಂಕದಿಂದ ಅಟ್ಟೂರಿಗೆ ಹೋಗುವ ದಾರಿಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಒಂದು ಮಿಲ್ಲು. ಯಜಮಾನರು ಹೊರದೇಶದಿಂದ ಹೊಸ ಯಂತ್ರಗಳನ್ನು ತರಿಸಿದ್ದರು. ಅವುಗಳಲ್ಲಿ ನೂಲು ಸುತ್ತುವ ಕದಿರುಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುವಂಥವು; ಅವಕ್ಕೆ ತೆಳು ಎಣ್ಣೆ ಬೇಕು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಹತ್ತು ಸೆಂಟಿಸ್ಟೋಕ್ಸ್ ಎಂದಿತ್ತು. ಉಷ್ಣತೆಯನ್ನು ಸೆಂಟಿಗ್ರೇಡಿನಲ್ಲಿ ಕೊಟ್ಟಿದ್ದರು. ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದರೆ ಸರಿಯಾಗಿ ನಮ್ಮ ನೂರು ಡಿಗ್ರಿ. ಅಷ್ಟನ್ನು ಮಾತ್ರ ನಾನು ತಪ್ಪಿಲ್ಲದೆ ಮಾಡಿದೆ. ಗೋಡೆಯ ಚಾರ್ಟಿನಲ್ಲಿ ಹತ್ತರ ಎದುರು ಬೆರಳಿಟ್ಟು ಕೆಳಗೆ ಇಳಿದೆ. ನಲವತ್ತು ಸೆಕೆಂಡ್.

"ನಲವತ್ತಾ?" ಕೆಮಿಸ್ಟ್ ಹುಬ್ಬೇರಿಸಿದರು. "ಬಹಳ ತೆಳು ಆಗ್ಲಿಲ್ವೇನೋ?"

"ಚಾರ್ಟ್ ಹಾಗೇ ಹೇಳುತ್ತೆ ಸಾರ್."

ನಲವತ್ತು ಸೆಕೆಂಡಿಗೆ ಬರುವಂತೆ ಬೆರೆಸಿದೆವು. ಹತ್ತು ಸೆಂಟಿಸ್ಟೋಕ್ಸ್ ಎಂದು ಸರ್ಟಿಫಿಕೇಟ್ ಬರೆದೆ, ಅವರು ಸಹಿ ಹಾಕಿದರು, ಡ್ರಮ್ಮುಗಳು ಲಾರಿ ಹತ್ತಿ ಯಲಹಂಕಕ್ಕೆ ಹೋದವು.

ಬೇಸಿಗೆ ಶುರುವಾಗುವ ಹೊತ್ತಿಗೆ ಮಿಲ್ಲಿನ ಯಜಮಾನರು ಕಾರಿನಲ್ಲಿ ಬಂದು ಇಳಿದರು. ಒಂದು ಕೈಯಲ್ಲಿ ರೇಷ್ಮೆ ನೂಲಿನ ಲಡಿ, ಇನ್ನೊಂದರಲ್ಲಿ ಒಂದು ಎಣ್ಣೆ ಕ್ಯಾನು. ಬಿಳಿ ಲಡಿಯ ಮೇಲೆ ಉದ್ದಕ್ಕೂ ಕಪ್ಪು ಚುಕ್ಕೆ. ಕದಿರುಗಳು ಮುಟ್ಟಿದರೆ ಸುಡುತ್ತವಂತೆ, ಎಣ್ಣೆ ಸಿಡಿದು ನೂಲಿನ ಮೇಲೆ ಬೀಳುತ್ತದಂತೆ, ಎಷ್ಟೋ ಕದಿರುಗಳ ಬುಡ ಸವೆದು ನಡುಗುತ್ತಿವೆಯಂತೆ. ಅವರು ಸುಮ್ಮನೆ ಬಂದಿರಲಿಲ್ಲ. ಮಿಲ್ಲಿನಲ್ಲಿ ಬಳಸುತ್ತಿದ್ದ ಎಣ್ಣೆಯನ್ನು ಪೇಟೆಯ ಒಂದು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿ, ವರದಿ ತಂದಿದ್ದರು. ಅಲ್ಲಿ ಗಾಜಿನ ಕೊಳವೆಯಲ್ಲಿ ನೇರವಾಗಿ ಅಳೆದಿದ್ದರು. ಆರು ಸೆಂಟಿಸ್ಟೋಕ್ಸ್.

ಕೆಮಿಸ್ಟ್ ವರದಿ ಓದಿದರು. ಅವರ ಮುಖದಲ್ಲಿ ಆತಂಕ ಬಂದು ಹೋದದ್ದನ್ನು ಕಂಡೆ. ಮರುಕ್ಷಣವೇ ಅವರಿಗೆ ಒಂದು ದಾರಿ ಹೊಳೆಯಿತು.

"ನಾವು ಕಳಿಸಿದ್ದು ಹತ್ತು. ಅಲ್ಲಿ ಇರೋದು ಆರು. ಅಂದ್ರೆ ನಡುವೆ ಯಾರೋ ಏನೋ ಬೆರೆಸಿದಾರೆ ಸ್ವಾಮಿ. ಬಹುಶಃ ಸೀಮೆಎಣ್ಣೆ."

ಯಜಮಾನರು ಮೇಜು ಗುದ್ದಿದರು. "ನನಗೂ ಅದೇ ಅನುಮಾನ! ನಮ್ಮ ಎಣ್ಣೆ ಮೇಸ್ತ್ರಿ. ಡ್ರಮ್ಮಿನ ಬೀಗದ ಕೈ ಅವನ ಹತ್ರಾನೇ ಇರೋದು. ಒಳ್ಳೇ ಎಣ್ಣೆ ಹೊರಗೆ ಮಾರ್ಕೊಂಡು ಸೀಮೆಎಣ್ಣೆ ತುಂಬಿಸಿದಾನೆ. ನಾಳಿದ್ದು ಅವನನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ ಕಣ್ರೀ. ಅವನ ಕಣ್ಣೆದುರಿಗೇ ನಿಮ್ಮ ಬಟ್ಟಲಲ್ಲಿ ಅಳೆದು ತೋರ್ಸಿ. ಆಮೇಲೆ ಒಂದು ನಿಮಿಷ ಅವನು ನನ್ನ ಮಿಲ್ಲಲ್ಲಿ ಇರಲ್ಲ."

ಕ್ಯಾನು ನಮ್ಮಲ್ಲೇ ಉಳಿಯಿತು. ಅವರು ಬರುವ ದಿನ, ಕೆಮಿಸ್ಟ್ ಊಟಕ್ಕೆ ಹೋಗಿದ್ದಾಗ ನಾನೊಬ್ಬನೇ ಆ ಎಣ್ಣೆಯನ್ನು ಬಟ್ಟಲಿಗೆ ಹಾಕಿದೆ. ಮೊದಲೇ ಅಂಕಿ ತಿಳಿದಿದ್ದರೆ ಎಲ್ಲರೆದುರು ತಡವರಿಸಬೇಕಾಗಿಲ್ಲ ಎಂದುಕೊಂಡಿದ್ದೆ, ಅಷ್ಟೇ.

ನಲವತ್ತು ಸೆಕೆಂಡ್. ಮತ್ತೆ ಹಾಕಿದೆ. ಮತ್ತೆ ನಲವತ್ತು. ನಾವು ಕಳಿಸಿದ ಎಣ್ಣೆ ಹೇಗಿತ್ತೋ ಹಾಗೆಯೇ ಇತ್ತು.

ಹಾಗಾದರೆ ಪೇಟೆಯವರ ಆರು ಎಲ್ಲಿಂದ ಬಂತು? ಚಾರ್ಟಿನಲ್ಲಿ ಆರರ ಎದುರು ಬೆರಳಿಟ್ಟು ಇಳಿದೆ. ಇಪ್ಪತ್ನಾಲ್ಕು ಸೆಕೆಂಡಿಗೆ ಹೋಗಿ ನಿಂತಿತು. ಆ ಬಟ್ಟಲಿನಿಂದ ಯಾವುದಾದರೂ ದ್ರವ ಇಪ್ಪತ್ನಾಲ್ಕು ಸೆಕೆಂಡಿನಲ್ಲಿ ಇಳಿದದ್ದನ್ನು ನಾನು ಕಂಡಿರಲಿಲ್ಲ. ಸ್ಟೌವಿಗೆ ಇಟ್ಟಿದ್ದ ಸೀಮೆಎಣ್ಣೆಯನ್ನು ಹೊಯ್ದು ನೋಡಿದೆ. ಇಪ್ಪತ್ತೊಂಬತ್ತು. ಬಟ್ಟಲನ್ನು ಒರೆಸಿ ನಲ್ಲಿ ನೀರು ಹೊಯ್ದೆ. ಇಪ್ಪತ್ತೇಳು.

ನೀರು ಒಂದು ಸೆಂಟಿಸ್ಟೋಕ್ ಎಂಬುದು ಕೆಮಿಸ್ಟ್ ನನಗೆ ಹೇಳಿಕೊಟ್ಟಿದ್ದ ಮೊದಲ ಪಾಠಗಳಲ್ಲಿ ಒಂದು. ನನ್ನ ಗೆರೆಯ ಪ್ರಕಾರ ಅದು ಆರೂವರೆ ಮೀರುತ್ತಿತ್ತು.

ನಿಂತಲ್ಲೇ ಅರ್ಥವಾಯಿತು. ಗಟ್ಟಿ ಎಣ್ಣೆ ತೂತಿನ ಗೋಡೆಗೆ ಅಂಟಿಕೊಂಡು ಎಳೆದಾಡುತ್ತ ಇಳಿಯುತ್ತದೆ. ಅದು ತೆಗೆದುಕೊಳ್ಳುವ ಸಮಯವೆಲ್ಲ ಗಟ್ಟಿತನದ ಲೆಕ್ಕವೇ. ತೆಳು ದ್ರವಕ್ಕೆ ಹಾಗಲ್ಲ. ಕೈಯಲ್ಲಿ ಗಂಟಿಲ್ಲದವನಿಗೂ ಬಾಗಿಲು ದಾಟಲು ಒಂದಿಷ್ಟು ಹೊತ್ತು ಬೇಕಲ್ಲವೆ? ಆ ಹೊತ್ತನ್ನು ಕಳೆಯದೆ ಲೆಕ್ಕ ಹಾಕಬಾರದು. ನೂರು ಸೆಕೆಂಡಿನ ಕೆಳಗೆ ನನ್ನ ಗೆರೆ ಬಾಗಬೇಕಿತ್ತು. ಸೊನ್ನೆಗೆ ಅದು ಎಂದೂ ಹೋಗಬಾರದಿತ್ತು. ನಲವತ್ತು ಸೆಕೆಂಡಿನ ಎಣ್ಣೆ ನಿಜವಾಗಿಯೂ ಆರು ಸೆಂಟಿಸ್ಟೋಕ್ಸೇ. ಹತ್ತು ಬೇಕಿದ್ದರೆ ಐವತ್ತೆರಡು ಸೆಕೆಂಡಿಗೆ ಬೆರೆಸಬೇಕಿತ್ತು ಎಂಬುದು ಗಾಜಿನ ಕೊಳವೆ ಬಂದ ಮೇಲೆ ತಿಳಿಯಿತು. ಮೇಸ್ತ್ರಿ ಏನನ್ನೂ ಬೆರೆಸಿರಲಿಲ್ಲ.

ಕೆಮಿಸ್ಟ್ ಊಟ ಮುಗಿಸಿ ಬಂದೊಡನೆ ಹೇಳಿದೆ. "ಸಾರ್, ಕ್ಯಾನಿನ ಎಣ್ಣೆ ನಲವತ್ತೇ ಬರ್ತಿದೆ. ನೀರಿಗೇ ಇಪ್ಪತ್ತೇಳು ಬರ್ತಿದೆ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು.

"ಬಾಗಿಲು ಹಾಕು" ಎಂದರು.

ಹಾಕಿದೆ.

"ಸರ್ಟಿಫಿಕೇಟಿಗೆ ಸೈನ್ ಹಾಕಿರೋನು ನಾನು. ಚಾರ್ಟ್ ಬರೆದಿರೋನು ನೀನು. ಈ ಮಾತು ಆಚೆಗೆ ಬಿದ್ರೆ ಬರೀ ರೇಷ್ಮೆ ಮಿಲ್ಲಲ್ಲ, ಎಲ್ಲಾ ಗಿರಾಕಿಗಳೂ ಸರ್ಟಿಫಿಕೇಟ್ ವಾಪಸ್ ತರ್ತಾರೆ. ನಿನ್ನ ಕಾಯಂ ಮಾಡೋ ಕಾಗದ ಈ ತಿಂಗಳು ಮ್ಯಾನೇಜರ್ ಹತ್ರ ಹೋಗ್ಬೇಕು." ಕನ್ನಡಕ ಹಾಕಿಕೊಂಡರು. "ನಾನೇನೂ ಹೇಳ್ತಾ ಇಲ್ಲ ಕಣೋ. ಬಟ್ಟಲು ಏನು ಹೇಳುತ್ತೋ ಅದನ್ನೇ ಹೇಳು."

ಮೂರು ಗಂಟೆಗೆ ಯಜಮಾನರ ಕಾರು ಬಂತು. ಮುಂದಿನ ಸೀಟಿನಿಂದ ಮೇಸ್ತ್ರಿ ಇಳಿದರು. ಐವತ್ತರ ಆಸುಪಾಸಿನ ಮನುಷ್ಯ, ಅಟ್ಟೂರಿನವರು. ಬಿಳಿ ಅಂಗಿ ತೊಟ್ಟಿದ್ದರು. ಉಗುರಿನ ಸಂದಿಗಳಲ್ಲಿ ಮಾತ್ರ ಎಂದೂ ಹೋಗದ ಎಣ್ಣೆ. ಕೋಣೆಯೊಳಗೆ ಬರುವ ಮೊದಲು ಚಪ್ಪಲಿ ಹೊರಗೆ ಬಿಟ್ಟರು. ಅಲ್ಲಿ ಯಾರೂ ಚಪ್ಪಲಿ ಬಿಡುತ್ತಿರಲಿಲ್ಲ.

"ಏನಯ್ಯಾ ಮೇಸ್ತ್ರಿ" ಎಂದರು ಯಜಮಾನರು, ನಮಗೂ ಕೇಳಲಿ ಎಂದು ಜೋರಾಗಿ. "ಯಲಹಂಕದ ಹೊಲಿಗೆ ಮಿಷನ್‌ಗಳೆಲ್ಲ ಈಗ ನನ್ನ ಎಣ್ಣೇಲೇ ಓಡ್ತಿವೆ ಅಂತ ಕೇಳ್ದೆ?"

"ಬುದ್ದಿ, ಡ್ರಮ್ಮಿಂದ ಇಂಗೇ ಬಂದದ್ದು. ಬಿರಡೆ ತಗದ ದಿನಾನೇ ಯೋಳ್ದೆ, ಎಣ್ಣೆ ಸೀಮೆಎಣ್ಣೆ ಇದ್ದಂಗೈತೆ, ಯಾಕೋ ಸರಿಯಿಲ್ಲ ಅಂತ. ನೀವು ಸರ್ಟಿಫಿಕೇಟು ತೋರ್ಸಿ ಬಾಯ್ಮುಚ್ಚು ಅಂದ್ರಿ."

"ನೋಡಿದ್ರಾ, ಇವನ ಬಾಯಲ್ಲೇ ಬಂತು ಸೀಮೆಎಣ್ಣೆ!" ಯಜಮಾನರು ನಕ್ಕರು. ಕೆಮಿಸ್ಟೂ ಸ್ವಲ್ಪ ನಕ್ಕರು.

ಮೇಸ್ತ್ರಿ ನಗಲಿಲ್ಲ. "ಎಣ್ಣೆ ಮುಟ್ಟೋರು ಇಬ್ರೇ. ಅಗಲು ಪಾಳಿ ನಾನು, ರಾತ್ರಿ ಪಾಳಿ ನನ್ ಭಾಮೈದ. ಜಕ್ಕೂರೋನು. ನಾನೇ ಸೇರ್ಸಿದ್ದು. ಇಬ್ರೂ ಅಂತೋರಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಅವರ ಮಗನ ವಯಸ್ಸಿನವನು ನಾನು; ನನಗೆ ಕೈ ಮುಗಿದರು. "ಸಾಮಿ, ಆ ಬಟ್ಲಿಗೆ ಯಜಮಾನ್ರೂ ಒಂದೇ, ನಾನೂ ಒಂದೇ. ಅದು ಏನ್ ಯೋಳುತ್ತೋ ಒಪ್ಕತೀನಿ. ಸರಿಯಾಗಿ ನೋಡಿ ಯೋಳ್ಬುಡಿ."

ಎಣ್ಣೆ ಹೊಯ್ದೆ. ಥರ್ಮಾಮೀಟರು ನೂರಕ್ಕೆ ಬಂದು ನಿಲ್ಲುವವರೆಗೆ ಕಾದೆ. ಕೆಮಿಸ್ಟ್ ಕಿಟಕಿಯ ಹೊರಗೆ ವ್ಯಾಗನ್ನುಗಳನ್ನು ನೋಡುತ್ತಿದ್ದರು. ಎಡಗೈಯಲ್ಲಿ ಗೋಲಿ ಎತ್ತಿದೆ. ಎಣ್ಣೆ ಹರಿಯಿತು. ನನ್ನ ಹೆಬ್ಬೆರಳು ಸ್ಟಾಪ್‌ವಾಚನ್ನು ಒತ್ತಲಿಲ್ಲ.

ಹಾಗೆ ಬರೆದರೆ ಹೆಬ್ಬೆರಳಿನ ಮೇಲೆ ಹಾಕಿದಂತಾಗುತ್ತದೆ. ಒತ್ತದೆ ಹಿಡಿದುಕೊಂಡವನು ನಾನು. ಮನಸ್ಸಿನಲ್ಲಿ ಹದಿನಾರರವರೆಗೆ ಎಣಿಸಿದೆ, ಆಮೇಲೆ ಒತ್ತಿದೆ. ಕುಪ್ಪಿಯ ಗೆರೆಗೆ ಎಣ್ಣೆ ಮುಟ್ಟಿದಾಗ ಮತ್ತೆ ಒತ್ತಿದೆ. ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟೆ.

"ಇಪ್ಪತ್ನಾಲ್ಕು" ಎಂದೆ. "ಆರು ಸೆಂಟಿಸ್ಟೋಕ್ಸ್."

ನೀರಿಗಿಂತ ತೆಳ್ಳಗಿನ ಎಣ್ಣೆ. ಆ ಬಟ್ಟಲಿನ ಬಗ್ಗೆ ಸ್ವಲ್ಪ ತಿಳಿದವರು ಯಾರೇ ಆಗಿದ್ದರೂ ನಕ್ಕುಬಿಡುತ್ತಿದ್ದರು. ಕೋಣೆಯಲ್ಲಿ ಅದು ತಿಳಿದಿದ್ದವರು ಇಬ್ಬರೇ, ಇಬ್ಬರೂ ಸುಮ್ಮನಿದ್ದೆವು. ಇನ್ನೊಂದು ವಿಷಯವನ್ನೂ ಹೇಳಬೇಕು. ಎಣ್ಣೆಯನ್ನು ಕಾಯಿಸಿ, ಅದರ ಆವಿಗೆ ಯಾವ ಉಷ್ಣತೆಯಲ್ಲಿ ಬೆಂಕಿ ತಾಕುತ್ತದೆ ಎಂದು ನೋಡುವ ಉಪಕರಣ ಅದೇ ಮೇಜಿನ ಇನ್ನೊಂದು ತುದಿಯಲ್ಲಿತ್ತು. ಸೀಮೆಎಣ್ಣೆ ಬೆರೆತಿದ್ದರೆ ಬೇಗ ಹತ್ತಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಅರ್ಧ ಗಂಟೆಯ ಕೆಲಸ. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

"ಸರಿಯಾಗಿ ನೋಡಿದ್ರಾ ಸಾಮಿ?" ಎಂದರು ಮೇಸ್ತ್ರಿ.

"ನೋಡಿದೆ."

ಅವರು ಗಡಿಯಾರವನ್ನು ನೋಡಿದರು, ಬಟ್ಟಲನ್ನು ನೋಡಿದರು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಯಜಮಾನರು ಅವರನ್ನು ಕಾರಿಗೆ ಹತ್ತಿಸಿಕೊಳ್ಳಲಿಲ್ಲ.

ಆ ತಿಂಗಳು ನಾನು ಕಾಯಂ ಆದೆ. ಸ್ವಲ್ಪ ದಿನದಲ್ಲಿ ಹೊಸ ಗಾಜಿನ ಕೊಳವೆ ಒಡೆಯದೆ ಬಂತು. ಕೆಮಿಸ್ಟ್ ನನ್ನನ್ನು ಕರೆದು, "ಚಾರ್ಟಿನ ಕೆಳಗಿನ ಭಾಗ ಇನ್ನೊಂದ್ಸಲ ಬರಿ" ಎಂದಷ್ಟೇ ಹೇಳಿದರು. ಹಳೆಯ ಹಾಳೆ ತೆಗೆದು, ಕೆಳತುದಿಯಲ್ಲಿ ಬಾಗುವ ಗೆರೆಯ ಹೊಸ ಹಾಳೆ ಹಾಕಿದೆ. ರೇಷ್ಮೆ ಮಿಲ್ಲಿನ ಮುಂದಿನ ಡ್ರಮ್ಮನ್ನು ಐವತ್ತೆರಡು ಸೆಕೆಂಡಿಗೆ ನಾನೇ ನಿಂತು ಬೆರೆಸಿದೆ. ಮಾಡಿದ್ದನ್ನು ಅಷ್ಟಾದರೂ ಸರಿಪಡಿಸಿದೆ ಎಂಬ ಸಮಾಧಾನ ಆಗ ನನಗಿತ್ತು.

ಯಜಮಾನರು ಮತ್ತೆ ಬಂದಾಗ ಮುಖ ಅರಳಿತ್ತು. "ಕದಿರು ಮುಟ್ಟಿದ್ರೆ ತಣ್ಣಗಿದೆ ಕಣ್ರೀ! ಲಡಿ ಮಲ್ಲಿಗೆ ಹೂವಿದ್ದ ಹಾಗಿದೆ. ಆ ಕಳ್ಳ ಹೋದ, ಎಲ್ಲಾ ಸರಿಹೋಯ್ತು. ಒಂದಿಷ್ಟು ಅನುಮಾನ ಇತ್ತು ನನಗೆ, ಸುಳ್ಳ್ಯಾಕೆ ಹೇಳ್ಲಿ, ಹಳೇ ಮನುಷ್ಯ ಅಂತ. ಈಗ ಇಲ್ಲ."

ನಾನು ಸರಿಯಾದ ಎಣ್ಣೆ ಕಳಿಸಿದ್ದೇ ಮೇಸ್ತ್ರಿಯ ಮೇಲೆ ಕೊನೆಯ ಸಾಕ್ಷಿಯಾಗಿತ್ತು. ಆ ದಿನದಿಂದ ನನಗೆ ಬಟ್ಟಲಿನ ಮುಂದೆ ನಿಲ್ಲುವುದು ಕಷ್ಟವಾಯಿತು. ಗೋಲಿ ಎತ್ತುವಾಗಲೆಲ್ಲ ಬಾಯೊಳಗೆ ಎಣಿಕೆ ತಾನಾಗಿಯೇ ಶುರುವಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅಟ್ಟೂರಿಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದದ್ದು. ಮೇಸ್ತ್ರಿ ಆಗ ಯಾರದೋ ದ್ರಾಕ್ಷಿ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದರು. ಕೈಯಲ್ಲಿ ಎಣ್ಣೆಯ ಬದಲು ದ್ರಾಕ್ಷಿಗೆ ಹೊಡೆಯುವ ಔಷಧಿಯ ನೀಲಿ ಬಣ್ಣ. ನನ್ನನ್ನು ಕಂಡು ಗುರುತು ಹಿಡಿದರು. ಜಗುಲಿಯ ಮೇಲೆ ಚಾಪೆ ಹಾಸಿದರು. ಅವರ ಹೆಂಡತಿ ಬೆಲ್ಲದ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತರು.

"ನೀವು ಬಂದದ್ದು ಒಳ್ಳೇದಾಯ್ತು ಸಾಮಿ" ಎಂದರು ಮೇಸ್ತ್ರಿ. "ನಿಮ್ಮ ಮೇಲೆ ನಂಗೇನೂ ಕ್ವಾಪ ಇಲ್ಲ. ನಿಮ್ಮಿಂದ ನಂಗೆ ಕಣ್ಣು ಬಿಡ್ತು. ಬಟ್ಲು ಸುಳ್ಳು ಯೋಳಲ್ಲ. ನಾನು ಬೆರೆಸಿಲ್ಲ. ಇನ್ನು ಉಳ್ದೋನು ಯಾರು? ರಾತ್ರಿ ಪಾಳಿಯೋನು."

ಕಾಫಿಯ ಲೋಟವನ್ನು ಕೆಳಗಿಟ್ಟೆ.

"ಜಕ್ಕೂರಿಗೆ ಓಗಿ ಅವನ ಊರೋರ ಮುಂದೇನೇ ಕಳ್ಳ ಅಂದೆ. ನನ್ ಕಾಲಿಡ್ಕಂಡ. ಒದ್ದು ಬಂದೆ."

"ನನ್ ತಮ್ಮ ಅಂತೋನಲ್ಲ ಅಂತ ಬಡ್ಕಂಡೆ" ಎಂದರು ಹೆಂಡತಿ, ನನ್ನ ಕಡೆ ನೋಡದೆ. "ಗೌರಿ ಹಬ್ಬಕ್ಕೂ ತೌರಿಗೆ ಕಳಿಸ್ಲಿಲ್ಲ."

"ಅವನು ಬೆರೆಸಿಲ್ಲ" ಎಂದೆ.

ಹೇಗೋ ಹೇಳಿದೆ. ಚಾರ್ಟು, ಗೆರೆ, ಸೊನ್ನೆ ಎಲ್ಲ ಹೇಳಲು ಹೋಗಿ ತೊಡರಿಕೊಂಡೆ. ಮೇಸ್ತ್ರಿ ಕೈ ಎತ್ತಿ ನಿಲ್ಲಿಸಿದರು.

"ಅವೆಲ್ಲ ಬ್ಯಾಡ. ಅವತ್ತು ನಿಜವಾಗ್ಲೂ ಎಷ್ಟು ಬಂದಿತ್ತು?"

"ನಲವತ್ತು."

"ನೀವು ಡ್ರಮ್ಮಿಗೆ ತುಂಬಿದಾಗ?"

"ಆಗಲೂ ನಲವತ್ತೇ."

ಅವರು ತಮ್ಮ ನೀಲಿ ಕೈಗಳನ್ನು ನೋಡಿಕೊಂಡರು.

"ಯಾಕೆ ಸಾಮಿ?"

"ಕೆಲಸ ಹೋಗ್ತಿತ್ತು ಮೇಸ್ತ್ರಿಗಳೇ."

"ನಂದು ಓಯ್ತಲ್ಲ" ಎಂದರು. ದನಿ ಏರಲಿಲ್ಲ. ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೆಂಡತಿ ಒಳಗೆ ಹೋಗಿ ಬಿಳಿ ಅಂಗಿ ತಂದು ಅವರ ತೊಡೆಯ ಮೇಲೆ ಹಾಕಿದರು. "ಏಳಿ. ಇವತ್ತೇ ಓಗಿ. ಇವರನ್ನೂ ಕರ್ಕಂಡೋಗಿ. ನೀವೊಬ್ರೇ ಓಗಿ ನಿಂತ್ರೆ ಅವನು ಬಾಗ್ಲು ತಗೆಯಲ್ಲ. ಒದ್ದೋರ ಮಾತು ಯಾರು ಕೇಳ್ತಾರೆ? ಇವರ ಬಾಯಲ್ಲೇ ಬರ್ಬೇಕು."

"ಬರ್ತೀರಾ ಸಾಮಿ?"

"ಬರ್ತೀನಿ" ಎಂದೆ. ಆಗ ನಿಜವಾಗಿಯೂ ಹೋಗುವ ಮನಸ್ಸಿತ್ತು.

ಇಬ್ಬರೂ ಯಲಹಂಕದವರೆಗೆ ನಡೆದೆವು. ದಾರಿಯಲ್ಲಿ ಅವರು ಬೇರೆಯದೇ ಮನುಷ್ಯರಂತೆ ಮಾತಾಡಿದರು. ಭಾಮೈದ ಚಿಕ್ಕವನಾಗಿದ್ದಾಗ ವಿಮಾನ ನೋಡಲು ಶಾಲೆ ತಪ್ಪಿಸಿ ಜಕ್ಕೂರು ಮೈದಾನದ ಬೇಲಿಗೆ ಜೋತು ಬೀಳುತ್ತಿದ್ದದ್ದು, ಕದಿರಿಗೆ ಕಿವಿಗೊಟ್ಟು ಎಣ್ಣೆ ಬತ್ತಿದೆ ಎಂದು ಹೇಳಲು ಅವನಿಗೆ ತಾವು ಕಲಿಸಿದ್ದು. "ಅವನು ಬೈತಾನೆ. ಬೈಲಿ. ಬೈದು ಮುಗುದ್ಮೇಲೆ ಯಜಮಾನ್ರ ತಾವ ಓಗೋಣ, ಮೂರೂ ಜನ. ನೀವು ಇಂಗೇ ಯೋಳ್ಬುಡಿ, ಸಾಕು."

ಮೂರೂ ಜನ ಯಜಮಾನರ ಬಳಿಗೆ. ಯಜಮಾನರು ಕಾರ್ಖಾನೆಗೆ. ಕೆಮಿಸ್ಟ್. ಮ್ಯಾನೇಜರು. ಜಕ್ಕೂರಿನಲ್ಲಿ ಒಂದು ಮಾತು ಹೇಳಿ ಬಂದರೆ ಮುಗಿಯಿತು ಎಂದುಕೊಂಡಿದ್ದ ನನಗೆ ಅಲ್ಲಿಯವರೆಗೆ ಇದು ಹೊಳೆದಿರಲಿಲ್ಲ.

ಯಲಹಂಕದಲ್ಲಿ ಪೇಟೆಗೆ ಹೋಗುವ ಬಸ್ಸು ಸಿಕ್ಕಿತು. ಜಕ್ಕೂರು ದಾಟಿಯೇ ಅದು ಹೆಬ್ಬಾಳಕ್ಕೆ ಹೋಗಬೇಕು. ಟಿಕೆಟ್ಟನ್ನು ಅವರೇ ತೆಗೆದರು. "ಬ್ಯಾಡ ಸಾಮಿ, ನಮ್ಮೂರ ಕಡೆ ಬಂದಿದೀರ" ಎಂದು ನನ್ನ ಕೈ ತಳ್ಳಿದರು. ಬಸ್ಸು ತುಂಬಿತ್ತು. ಅವರು ಬಾಗಿಲ ಹತ್ತಿರ ನಿಂತರು, ನನಗೆ ಹಿಂದೆ ಒಂದು ಸೀಟು ಸಿಕ್ಕಿತು.

ಜಕ್ಕೂರು ಗೇಟಿನಲ್ಲಿ ಬಸ್ಸು ನಿಂತಿತು. ಮೇಸ್ತ್ರಿ ಇಳಿದರು. ಇಳಿದು, ಅಂಗಿಯ ಕಾಲರು ಸರಿಮಾಡಿಕೊಂಡು, ಹಿಂದೆ ತಿರುಗಿ ನನಗಾಗಿ ನಿಂತರು. ನಾನು ಎದುರು ಸೀಟಿನ ಕಂಬಿ ಹಿಡಿದಿದ್ದೆ. ಎದ್ದೇಳಲಿಲ್ಲ.

"ಸಾಮಿ!" ಎಂದು ಕಿಟಕಿಯ ಕಡೆ ಬಂದರು. "ಇದೇ, ಇಳೀರಿ!"

ಕಂಡಕ್ಟರು ನನ್ನನ್ನು ನೋಡಿದ. "ಯಾಕ್ರೀ, ಜಕ್ಕೂರಿಗೆ ತಾನೇ ನಿಮಗೆ ಟಿಕೆಟ್ ತೆಗೆದಿದ್ದು?"

"ಹೆಬ್ಬಾಳಕ್ಕೆ ಒಂದು ಕೊಡಿ" ಎಂದೆ.

ಸೀಟಿ ಊದಿದ. ಬಸ್ಸು ಹೊರಟಿತು. ಮೇಸ್ತ್ರಿ ಕೆಲವು ಹೆಜ್ಜೆ ಜೊತೆಗೇ ಓಡಿ ಬಂದರು, ಕೈಯನ್ನು ಬಸ್ಸಿನ ಮೈಮೇಲೆ ಬಡಿದರು. ಆಮೇಲೆ ಶಬ್ದ ನಿಂತಿತು. ಅವರು ಜಕ್ಕೂರಿನೊಳಗೆ ಒಬ್ಬರೇ ಹೋದರೋ, ಹಾಗೆಯೇ ಹಿಂದಿರುಗಿದರೋ ನನಗೆ ಗೊತ್ತಿಲ್ಲ. ನಾನು ತಿರುಗಿ ನೋಡಲಿಲ್ಲ. ಅವರು ಕಾರ್ಖಾನೆಗೆ ಬಂದು ಕೇಳುತ್ತಾರೆ ಎಂದು ತಿಂಗಳುಗಟ್ಟಲೆ ಗೇಟಿನ ಕಡೆ ಕಿವಿಯಿಟ್ಟು ಕೆಲಸ ಮಾಡಿದೆ. ಬರಲಿಲ್ಲ. ಅವರಿಗೆ ಅಲ್ಲಿ ಬಂದು ಕೇಳಲು ಇನ್ನೇನು ಉಳಿದಿತ್ತು?

ಚಾರ್ಟಿನ ತಪ್ಪು ತಿಳಿಯದೆ ಆದದ್ದು. ಬಟ್ಟಲಿನ ಮುಂದೆ ಮಾಡಿದ್ದು ಹೆದರಿ ಮಾಡಿದ್ದು. ಬಸ್ಸಿನಲ್ಲಿ ಕೂತಿದ್ದಕ್ಕೆ ಇವತ್ತಿಗೂ ಒಂದು ಹೆಸರು ಕೊಡಲು ನನಗೆ ಬರುವುದಿಲ್ಲ. ಆಗ ನನಗೆ ಸತ್ಯವೂ ಗೊತ್ತಿತ್ತು, ಅದನ್ನು ಕೇಳಲು ಕಾದಿದ್ದ ಮನೆಯೂ ಗೊತ್ತಿತ್ತು, ದಾರಿಗೆ ಬೇರೆಯವರು ಟಿಕೆಟ್ಟನ್ನೂ ತೆಗೆದಿದ್ದರು.

ಮೇಸ್ತ್ರಿಯೂ ಅವರ ಹೆಂಡತಿಯೂ ಈಗ ಇರಲಾರರು. ಭಾಮೈದನೂ ಇರಲಾರ. ಆದರೆ ಜಕ್ಕೂರಿನಲ್ಲಿ, ಅಥವಾ ಅಲ್ಲಿಂದ ಹೋಗಿ ನೆಲೆಸಿದ ಇನ್ನೆಲ್ಲೋ, ಒಂದು ಮನೆಯಿರಬಹುದು. ನಮ್ಮ ತಾತ ರೇಷ್ಮೆ ಮಿಲ್ಲಿನ ಎಣ್ಣೆಗೆ ಸೀಮೆಎಣ್ಣೆ ಬೆರೆಸಿ ಸಿಕ್ಕಿಬಿದ್ದನಂತೆ, ಅದಕ್ಕೇ ಅಟ್ಟೂರಿನಲ್ಲಿದ್ದ ತಾತನ ಅಕ್ಕನ ಮನೆಗೂ ನಮಗೂ ಆಗಿಬರುವುದಿಲ್ಲವಂತೆ ಎಂದು ಅಲ್ಲಿ ಕೇಳಿ ಬೆಳೆದವರು ಇರಬಹುದು. ಅಂಥವರ ಕಣ್ಣಿಗೆ ಇದು ಬೀಳಲಿ. ಆ ಎಣ್ಣೆ ಕಾರ್ಖಾನೆಯಿಂದ ಹೊರಟಾಗ ನಲವತ್ತು ಸೆಕೆಂಡ್, ಮಿಲ್ಲಿನಿಂದ ವಾಪಸು ಬಂದಾಗಲೂ ನಲವತ್ತು ಸೆಕೆಂಡ್. ಅಳೆದವನು ನಾನೇ. ಅದರಲ್ಲಿ ನಿಮ್ಮ ತಾತ ಏನನ್ನೂ ಬೆರೆಸಿರಲಿಲ್ಲ.